ಕಡಲಿನತ್ತ ಮುಖಮಾಡಿದ ಗೋಡೆಗೆ ಯಾವ ಹೊದಿಕೆ?

ಮಂಗಳೂರಿನಿಂದ ಕಾರವಾರದವರೆಗೆ ಕಡಲಂಚಿನ ಊರುಗಳಲ್ಲಿ ಹೊಸ ಮನೆಗಳ ಹೊರಗೋಡೆಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಗೋಡೆಗೆ ಹೊದಿಸಿದ ಹಲಗೆಯೋ ತಗಡೋ ಇನ್ನೂ ಹೊಸದರಂತೆಯೇ ಇರುತ್ತದೆ. ಆದರೆ ಸ್ಕ್ರೂಗಳ ಕೆಳಗೆ ಕಂದು ಗೆರೆಗಳು ಇಳಿದಿರುತ್ತವೆ. ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ವರ್ಷಗಟ್ಟಲೆ ದುಡಿದು ಕಟ್ಟಿಸಿದ ಮನೆಗೆ ಇದು ಬರಿಯ ಅಂದಗೇಡಲ್ಲ. ಹಿಡಿದಿಟ್ಟ ಸ್ಕ್ರೂ ಸವೆದರೆ, ಮೇಲಂತಸ್ತಿನ ಹೊದಿಕೆ ಗಾಳಿಮಳೆಯ ಒಂದು ದಿನ ಕಳಚಿ ಬೀಳಬಹುದು. ಕೆಳಗೆ ಮಕ್ಕಳು ಆಡುವ ಅಂಗಳವಿರುತ್ತದೆ.

ಸಮುದ್ರದ ನೀರಿನಲ್ಲಿ ನೂರಕ್ಕೆ ಸುಮಾರು 3.5ರಷ್ಟು ಲವಣವಿದೆ. ಅಲೆ ಒಡೆದು ನೊರೆಯ ಗುಳ್ಳೆಗಳು ಸಿಡಿದಾಗ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಗಾಳಿಯೊಡನೆ ಬಂದು ಗೋಡೆಗೆ ಅಂಟುತ್ತವೆ. ದಡದಿಂದ ಮೊದಲ ಕೆಲವು ನೂರು ಮೀಟರುಗಳಲ್ಲಿ ಇದರ ಕಾಟ ಹೆಚ್ಚು. ಅಂಟಿಕೊಂಡ ಉಪ್ಪಿಗೆ ಮಳೆಯೇ ಬೇಕೆಂದಿಲ್ಲ. ಗಾಳಿಯ ತೇವಾಂಶ ನೂರಕ್ಕೆ 75ನ್ನು ದಾಟಿದರೆ ಸಾಕು, ಅದು ತಾನೇ ನೀರೆಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಎಲ್ಲ ತಾಯಂದಿರೂ ಬಲ್ಲರು.

ಇಲ್ಲೊಂದು ಸೋಜಿಗವಿದೆ. ಮಳೆಗೆ ಒಡ್ಡಿಕೊಂಡ ಭಾಗಕ್ಕಿಂತ ಸೂರಿನಡಿಯ ಭಾಗವೇ ಬೇಗ ತುಕ್ಕು ಹಿಡಿಯುವುದುಂಟು. ತೆರೆದ ಗೋಡೆಯ ಉಪ್ಪನ್ನು ಜಡಿಮಳೆ ತೊಳೆದು ಹಾಕುತ್ತದೆ. ಸೂರಿನಡಿಯ ಉಪ್ಪು ಸೇರುತ್ತಲೇ ಹೋಗುತ್ತದೆ. ಬೇಸಗೆಯಲ್ಲಿ ಆಗಾಗ ಸಿಹಿನೀರಿನಿಂದ ಅಲ್ಲಿ ತೊಳೆಯುವುದು ಯಾವ ದುಬಾರಿ ಬಣ್ಣಕ್ಕೂ ಕಡಿಮೆಯಲ್ಲದ ರಕ್ಷಣೆ.

ಆದ್ದರಿಂದ ಅಂಗಡಿಯಲ್ಲಿ ಹಲಗೆಯ ಬಣ್ಣಕ್ಕಿಂತ ಮೊದಲು ಕೇಳಬೇಕಾದದ್ದು ಸ್ಕ್ರೂವಿನ ಜಾತಿಯನ್ನು. ಸತುವು ಲೇಪಿಸಿದ ಸಾಮಾನ್ಯ ಸ್ಕ್ರೂ ಒಳನಾಡಿಗೆ ಸಾಕು, ಕಡಲ ಮುಂದೆ ಬೇಗ ಸೋಲುತ್ತದೆ. ‘ಸ್ಟೇನ್‌ಲೆಸ್’ ಎಂದಾಕ್ಷಣ ನಿಶ್ಚಿಂತೆಯೂ ಸಲ್ಲದು. 304 ಎಂಬ ದರ್ಜೆಯ ಮೇಲೆ ಉಪ್ಪುಗಾಳಿಯಲ್ಲಿ ಚಹಾದ ಕಲೆಯಂತಹ ಮಚ್ಚೆಗಳು ಮೂಡುತ್ತವೆ. 316ರಲ್ಲಿ ನೂರಕ್ಕೆ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಅದು ಕ್ಲೋರೈಡಿನ ಹೊಡೆತವನ್ನು ಹೆಚ್ಚು ಕಾಲ ತಾಳುತ್ತದೆ. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸುವ ಪರೀಕ್ಷೆಯಿಂದ ಈ ಎರಡನ್ನೂ ಬೇರ್ಪಡಿಸಲಾಗದು. ಎರಡೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಡಬ್ಬಿಯ ಮೇಲಿನ ಗುರುತನ್ನೂ ಬಿಲ್ಲಿನಲ್ಲಿ ಬರೆದ ದರ್ಜೆಯನ್ನೂ ನೋಡಬೇಕು.

ಇನ್ನೊಂದು ಅಪಾಯ ಬೇರೆ ಬೇರೆ ಲೋಹಗಳ ಸಹವಾಸ. ಉಪ್ಪುನೀರಿನಲ್ಲಿ ಎರಡು ಲೋಹಗಳು ತಾಗಿದರೆ ಅದೊಂದು ಪುಟ್ಟ ವಿದ್ಯುತ್ಕೋಶ. ಹೆಚ್ಚು ಚುರುಕಾದ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಅಗಲವಾದ ಉಕ್ಕಿನ ತಗಡಿಗೆ ಚಿಕ್ಕ ಅಲ್ಯೂಮಿನಿಯಂ ರಿವೆಟ್ ಹೊಡೆದರೆ ಸವೆತವೆಲ್ಲ ಆ ರಿವೆಟ್ಟಿನ ಪಾಲಿಗೇ ಬರುತ್ತದೆ.

ಹೊದಿಕೆಯ ವಿಷಯಕ್ಕೆ ಬಂದರೆ, ಸಿಮೆಂಟು ಮತ್ತು ನಾರಿನ ಹಲಗೆಗೆ ತುಕ್ಕಿಲ್ಲ, ಗೆದ್ದಲಿಲ್ಲ. ಕತ್ತರಿಸಿದ ಅಂಚಿಗೆ ಮಾತ್ರ ತಪ್ಪದೆ ಬಣ್ಣ ಬಳಿಯಬೇಕು. ಒಳ್ಳೆಯ ಸಾಗುವಾನಿ ಬೂದುಬಣ್ಣಕ್ಕೆ ತಿರುಗಿದರೂ ಬಾಳುತ್ತದೆ, ಬೆಲೆಯೇ ತೊಡಕು. ಯಾವುದನ್ನೇ ಹಾಕಿದರೂ ಹಿಂದೆ ಪಟ್ಟಿ ಕೊಟ್ಟು ಸುಮಾರು 25 ಮಿಲಿಮೀಟರ್ ಸಂದು ಬಿಡಬೇಕು, ಮೇಲೂ ಕೆಳಗೂ ಗಾಳಿಯಾಡಲು ದಾರಿ ಇರಬೇಕು. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಈ ತೀರದಲ್ಲಿ ಹೊದಿಕೆಯ ಹಿಂದೆ ನೀರು ಹೋಗದಂತೆ ಮಾಡುತ್ತೇವೆನ್ನುವುದು ಹುಸಿ ಭರವಸೆ. ಹೋದ ನೀರು ಇಳಿದು ಒಣಗಬೇಕು, ಅಷ್ಟೆ. ಗೋಡೆಗೆ ನೇರವಾಗಿ ಅಂಟಿಸುವ ತೆಳು ಕಲ್ಲಿನ ಬಿಲ್ಲೆಗಳಲ್ಲಿ ಈ ಅನುಕೂಲವಿಲ್ಲ. ಹಿಂದೆ ಸೇರಿದ ಉಪ್ಪು ಹರಳುಗಟ್ಟಿ ಬಿಲ್ಲೆಯನ್ನೇ ಹೊರಕ್ಕೆ ನೂಕುತ್ತದೆ.

ಹಳೆಯ ಮನೆಗಳು ಇದನ್ನು ಬೇರೆ ರೀತಿಯಲ್ಲಿ ಸಾಧಿಸಿದ್ದವು. ದಕ್ಷಿಣದಲ್ಲಿ ಮುರಕಲ್ಲು, ಉತ್ತರ ಕನ್ನಡದಲ್ಲಿ ಚಿರೇಕಲ್ಲು ಎನ್ನುವ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಇಟ್ಟಿಗೆಯ ಹಾಗೆ ಕಡಿಯಬಹುದಾದ ಇದೇ ಬಗೆಯ ಕಲ್ಲನ್ನು ಮಲಬಾರಿನಲ್ಲಿ ಕಂಡ ಫ್ರಾನ್ಸಿಸ್ ಬುಕನನ್, 1807ರ ತನ್ನ ಗ್ರಂಥದಲ್ಲಿ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಅದರ ಮೇಲೆ ಸುಣ್ಣದ ಗಾರೆ. ಸುಣ್ಣ ತೇವವನ್ನು ಹೊರಬಿಡುತ್ತದೆ. ಇಂತಹ ಗೋಡೆಗೆ ಬಿಗಿಯಾದ ಸಿಮೆಂಟು ಗಾರೆ ಬಳಿದು ಹಾಳುಮಾಡಿದವರು ಕಡಿಮೆಯಿಲ್ಲ. ಅದಕ್ಕೆ ತೊಳೆಯದ ಕಡಲಮರಳು ಬೆರೆಸಿದರಂತೂ ಶತ್ರುವನ್ನು ಗೋಡೆಯೊಳಗೇ ಕೂರಿಸಿದ ಹಾಗೆ. ಜೂನಿಗೆ ಮುನ್ನ ಗಾಳಿಮಳೆ ಬಡಿಯುವ ಗೋಡೆಗೆ ಹೆಣೆದ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಅದೂ ಹೊದಿಕೆಯೇ. ಹಿಂದೆ ಸಂದು, ಕಟ್ಟಲು ಹಗ್ಗ, ಮಳೆಗಾಲ ಮುಗಿದ ಮೇಲೆ ಒಲೆಗೆ ಉರುವಲು.

ಲೋಹಗಳ ಸಹವಾಸವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಲೋಟ ನೀರಿಗೆ ಒಂದೊಂದು ಚಮಚ ಉಪ್ಪು ಬೆರೆಸಿ. ಮರಳುಕಾಗದದಿಂದ ಉಜ್ಜಿದ ಎರಡು ಕಬ್ಬಿಣದ ಮೊಳೆಗಳಲ್ಲಿ ಒಂದನ್ನು ಹಾಗೆಯೇ, ಇನ್ನೊಂದಕ್ಕೆ ಬರಿಯ ತಾಮ್ರದ ತಂತಿ ಬಿಗಿಯಾಗಿ ಸುತ್ತಿ ಇಳಿಬಿಡಿ. ಒಂದು ವಾರ ದಿನವೂ ನೋಡಿ, ಯಾವ ಲೋಟದ ನೀರು ಬೇಗ ಕೆಂಪಾಯಿತೆಂದು ಬರೆದಿಡಿ.