ಲೈಸೆನ್ಸ್ ಬೇಡ ಅಂದರೆ ಬೇಟೆಗೆ ಅನುಮತಿ ಅಂತಲ್ಲ

ಪಕ್ಕದೂರಿನ ಪರಿಚಯದ ಹುಡುಗನೊಬ್ಬ ಹೊಸ ಏರ್ ರೈಫಲ್ ತಂದಿದ್ದಾನೆ. ಭಾನುವಾರ ನೋಡಲು ಹೋಗಿದ್ದೆವು. ನಳಿಕೆ ಮಡಚಿದರೆ ಸ್ಪ್ರಿಂಗ್ ಬಿಗಿಯುತ್ತದೆ. ಕಡಲೆಕಾಳಿಗಿಂತ ಸಣ್ಣ ಸೀಸದ ಗುಂಡನ್ನು ಒಂದೊಂದಾಗಿ ಹಾಕಬೇಕು. ಮದ್ದಿಲ್ಲ, ಹೊಗೆಯಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿಟ್ಟ ಖಾಲಿ ಕೂಲ್‌ಡ್ರಿಂಕ್ಸ್ ಕ್ಯಾನಿನ ಎರಡೂ ಬದಿ ತೂತಾಯಿತು. ಕೈಗೆ ತೆಗೆದುಕೊಂಡಾಗ ನಮಗೂ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು?

ಆಮೇಲೆ ಅವನು, "ಇದಕ್ಕೆ ಲೈಸೆನ್ಸ್ ಬೇಡ ಅಣ್ಣ, ಇನ್ನು ಮೊಲ, ಕೌಜುಗ ನಮ್ಮವೇ" ಎಂದ.

ಎಡವುವುದು ಇಲ್ಲೇ. 4.5 ಮಿ.ಮೀ. ನಳಿಕೆ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ನಿಜ. ಆದರೆ ಅದು ಬಂದೂಕಿನ ಮಾತು, ಬೇಟೆಯದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ, ಕೌಜುಗ ಹೊಡೆಯುವುದೂ ಅಪರಾಧ. ಸ್ವಂತ ಹೊಲದಲ್ಲಾದರೂ ಅಷ್ಟೇ. ಗುರಿ ತಪ್ಪಿದರೂ ಅಷ್ಟೇ, ಕಾಯ್ದೆಯಲ್ಲಿ ಪ್ರಯತ್ನವೂ ಬೇಟೆಯೇ. ಶಿಕ್ಷೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನವಿಲಿಗೆ ಹೊಡೆದರೆ ಇನ್ನೂ ಹೆಚ್ಚು. ಒಂದು ಹೊತ್ತಿನ ಸಾರಿಗೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕೇ?

ಅಂಗಡಿಯಲ್ಲಿ ಅವನಿಗೆ ಹೇಳಿದ್ದು ಅರ್ಧ ಮಾತು. ಮಾರುವವರು ಉಳಿದರ್ಧವನ್ನೂ ಹೇಳಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಗುರಿ ಕಲಿಯುವ ಆಸೆ ತಪ್ಪಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲೇ. ನೀವೂ ಮಣ್ಣಿನ ದಿಬ್ಬದ ಮುಂದೆ ಕ್ಯಾನ್ ಇಟ್ಟು ಹೊಡೆಯಿರಿ. ಮಕ್ಕಳ ಕೈಗೆ ಮಾತ್ರ ಕೊಡಬೇಡಿ. ಕ್ಯಾನ್ ತೂರಿ ಹೋದ ಗುಂಡಿಗೆ ಕಣ್ಣು ಯಾವ ಲೆಕ್ಕ?