ಹಿಟ್ಟಿನ ಕೋಳಿ ಮತ್ತು ಪ್ಲಾಸ್ಟಿಕ್ ಟ್ಯಾಂಕು

ಜಿಲ್ಲಾ ಕೇಂದ್ರವೊಂದರ ಬಸದಿಯ ಟ್ರಸ್ಟಿನವರು ಬೇಸಿಗೆಯ ಸಂಸ್ಕಾರ ಶಿಬಿರದ ಕೊನೆಯ ದಿನ ಮಕ್ಕಳ ಕರಕುಶಲ ವಸ್ತುಗಳ ಪ್ರದರ್ಶನವನ್ನು ಏರ್ಪಡಿಸಿದ್ದರು. ರಟ್ಟಿನ ಸಮವಸರಣ, ಥರ್ಮಾಕೋಲಿನ ಮಾನಸ್ತಂಭ, ಬೆಂಕಿಕಡ್ಡಿಗಳಿಂದ ಕಟ್ಟಿದ ಬಸದಿ ಇವುಗಳ ನಡುವೆ ಒಂಬತ್ತನೆಯ ತರಗತಿಯ ಬಾಲಕನೊಬ್ಬನು ತಂದಿಟ್ಟ ಹಲಗೆಯೊಂದು ನೋಡುಗರನ್ನೆಲ್ಲ ತಡೆದು ನಿಲ್ಲಿಸಿತು. 1942ರ ಚಳಿಗಾಲದ ಸ್ಟಾಲಿನ್‌ಗ್ರಾಡ್ ನಗರದ ಒಂದು ಮೂಲೆಯನ್ನು ಅವನು ಒಂದೂವರೆ ಅಡಿ ಜಾಗದಲ್ಲಿ ಕಟ್ಟಿದ್ದನು. ಕುಸಿದ ಕಾರ್ಖಾನೆಯ ಗೋಡೆ, ಹಿಮದಲ್ಲಿ ಹೂತ ಜರ್ಮನ್ ಟ್ಯಾಂಕು, ಅದರ ಸುತ್ತ ಐವರು ಸೈನಿಕರು. ಗೋಡೆಯ ಹಿಂಬದಿಯಲ್ಲಿ, ಬಗ್ಗಿ ನೋಡಿದವರಿಗೆ ಮಾತ್ರ ಕಾಣುವಂತೆ, ಹಿಮದಿಂದ ಅರ್ಧ ಮುಚ್ಚಿಹೋದ ಒಂದು ಸತ್ತ ಕುದುರೆ. ಹಲಗೆಯ ಪಕ್ಕದಲ್ಲಿ ಅದೇ ದೃಶ್ಯದ ದೊಡ್ಡ ಛಾಯಾಚಿತ್ರವೊಂದನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದರು. ಇಂಗ್ಲಿಷಿನಲ್ಲಿ ಇಂತಹ ರಚನೆಗೆ ಡಯೊರಾಮಾ ಎನ್ನುತ್ತಾರೆ.

ತೀರ್ಪುಗಾರರು ಪ್ರಥಮ ಬಹುಮಾನವನ್ನು ಇದಕ್ಕೇ ಕೊಟ್ಟರು. ಹಿರಿಯ ಧರ್ಮದರ್ಶಿಯೊಬ್ಬರು ಆಕ್ಷೇಪವೆತ್ತಿದರು: ಅಹಿಂಸೆಯನ್ನು ಕಲಿಸುವ ಶಿಬಿರದಲ್ಲಿ ಯುದ್ಧದ ಟ್ಯಾಂಕಿಗೆ ಬಹುಮಾನವೇ? ಯಶೋಧರನ ಹಿಟ್ಟಿನ ಕೋಳಿಯ ಕಥೆ ಯಾರಿಗೂ ನೆನಪಿಲ್ಲವೇ? ಬಾಲಕನ ತಂದೆ ಉತ್ತರ ಕೊಟ್ಟರು: ಪ್ಲಾಸ್ಟಿಕ್ಕಿಗೆ ಪ್ರಾಣವಿಲ್ಲ, ಹುಡುಗ ಚರಿತ್ರೆಯನ್ನು ಕಲಿತಿದ್ದಾನೆ, ಇದರಲ್ಲಿ ಯಾವ ಜೀವಕ್ಕೂ ನೋವಾಗಿಲ್ಲ. ಒಂದು ಗಂಟೆಯ ಮಾತುಕತೆಯ ನಂತರ ಸಮಿತಿಯು ರಾಜಿಯೊಂದನ್ನು ಕಂಡುಕೊಂಡಿತು. ಹಲಗೆಯನ್ನು ಮನೆಗೆ ಕಳುಹಿಸಿ, ಬಹುಮಾನವನ್ನು ಛಾಯಾಚಿತ್ರಕ್ಕೆ ಕೊಡುವುದು. ಛಾಯಾಚಿತ್ರ ಕೇವಲ ಕಾಗದವಲ್ಲವೇ!

ಇಬ್ಬರೂ ಸಮಾಧಾನಗೊಂಡರು. ಇಬ್ಬರೂ ಸಮಾಧಾನಗೊಂಡ ಈ ತೀರ್ಮಾನವೇ ಅತ್ಯಂತ ತಪ್ಪಾದ ತೀರ್ಮಾನ. ಟ್ರಸ್ಟು ನಿರ್ದೋಷವಾದ ವಸ್ತುವನ್ನು ಹೊರಗೆ ಹಾಕಿ ದೋಷವುಳ್ಳದ್ದನ್ನು ಗೋಡೆಗೆ ಏರಿಸಿತು.

ಮೊದಲು ಹಿಟ್ಟಿನ ಕೋಳಿಯ ವಿಚಾರ. ಸೋಮದೇವನ ಯಶಸ್ತಿಲಕ (959) ಮತ್ತು ಜನ್ನನ ಯಶೋಧರಚರಿತೆ (1209) ಇವುಗಳಿಂದ ಈ ಕಥೆ ಕನ್ನಡ ನಾಡಿನ ಜೈನ ಮನೆಗಳಲ್ಲಿ ಹಾಸುಹೊಕ್ಕಾಗಿದೆ. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಪ್ರಾಣಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಮಾರಿಗೆ ಬಲಿಕೊಟ್ಟನು. ಅಷ್ಟರಿಂದಲೇ ತಾಯಿಮಕ್ಕಳು ನವಿಲು, ನಾಯಿ ಮೊದಲ್ಗೊಂಡು ಎಷ್ಟೋ ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಇದನ್ನು ಉಲ್ಲೇಖಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕೋಳಿಯ ಗೊಂಬೆಯನ್ನು ಮಾಡಿದ್ದರಿಂದ ಯಶೋಧರನಿಗೆ ಪಾಪ ಬಂದಿತೆಂದು ಕಥೆ ಹೇಳುವುದಿಲ್ಲ. ಕೊಲ್ಲುವ ಸಂಕಲ್ಪದಿಂದ ಅದನ್ನು ಮಾಡಿಸಿ, ಕೊಲ್ಲುವ ಸಂಕಲ್ಪದಿಂದಲೇ ಖಡ್ಗವನ್ನು ಎತ್ತಿದ್ದರಿಂದ ಬಂದಿತು. ಹಿಟ್ಟು ಅಲ್ಲಿ ನೆಪಮಾತ್ರ. ಗೊಂಬೆ ಮಾಡುವುದೇ ಹಿಂಸೆಯಾದರೆ ದಸರೆಯ ಪಟ್ಟದ ಗೊಂಬೆಗಳ ಜೊತೆ ಆನೆ, ಕುದುರೆ, ಕಾಲಾಳುಗಳನ್ನು ಸಾಲಾಗಿ ಇಡುವ ಮೈಸೂರು ಸೀಮೆಯ ಶ್ರಾವಕ ಮನೆಗಳೆಲ್ಲ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದೀತು.

ತಂದೆಯ ವಾದವೂ ಅಷ್ಟೇ ಪೊಳ್ಳು. ಪ್ಲಾಸ್ಟಿಕ್ಕಿಗೆ ಪ್ರಾಣವಿಲ್ಲ, ಆದ್ದರಿಂದ ಹಿಂಸೆಯಿಲ್ಲ ಎಂದು ಜೈನನಾದವನು ಹೇಳಲಾರನು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನು ಮುಂದಿಟ್ಟು ಪ್ರಾಣಹಾನಿಯನ್ನು ಅದರ ಹಿಂದೆ ಇಡುತ್ತದೆ. ಅದೇ ಗ್ರಂಥವು ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಹಿಂಸೆಯನ್ನು ಮೊದಲನೆಯದಾಗಿ ಎಣಿಸುತ್ತದೆ. ಹಿಂಸೆಯಲ್ಲಿ ಆನಂದಪಡುವ ಈ ಧ್ಯಾನಕ್ಕೆ ಎದುರಿಗೆ ಜೀವವೊಂದು ಇರಲೇಬೇಕೆಂಬ ನಿಯಮವಿಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಈ ಕೆಲಸ ನಡೆಯುತ್ತಿರುವಾಗ ಮಾಡುವವನ ಮನಸ್ಸು ಎಲ್ಲಿರುತ್ತದೆ, ನೋಡುವವನ ಮನಸ್ಸು ಎಲ್ಲಿಗೆ ಹೋಗುತ್ತದೆ? ಇದಕ್ಕೆ ಉತ್ತರ ಹೇಳಬೇಕಾದರೆ ಕೆಲಸವನ್ನು ತಿಳಿದಿರಬೇಕು. ಸಮಿತಿಯಲ್ಲಿ ಅದನ್ನು ತಿಳಿಯಲು ಯಾರೂ ಮನಸ್ಸು ಮಾಡಲಿಲ್ಲ.

ಇಂತಹ ಟ್ಯಾಂಕುಗಳು ಬಹುಮಟ್ಟಿಗೆ 1:35ರ ಪ್ರಮಾಣದಲ್ಲಿರುತ್ತವೆ. ಮನುಷ್ಯನ ಆಕೃತಿ ಅಲ್ಲಿ ಐದು ಸೆಂಟಿಮೀಟರಿನಷ್ಟು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತೆಂಬುದು ವ್ಯಾಪಾರಸ್ಥರಿಗೆ ರುಚಿಸುವ ಸಂಗತಿ. ಜಪಾನಿನ ಶಿಜುವೊಕಾದ ತಮಿಯಾ ಕಂಪನಿಯು 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಓಡುವ ಮಾದರಿಯನ್ನು ಮಾಡಿದಾಗ, ಒಳಗೆ ಮೋಟಾರು ಮತ್ತು ಬ್ಯಾಟರಿಗಳು ಹಿಡಿಸುವಂತೆ ಅಳತೆ ಇಟ್ಟಿತು. ಆ ಅಳತೆ ಲೆಕ್ಕ ಹಾಕಿದರೆ ಮೂವತ್ತೈದರಲ್ಲಿ ಒಂದು ಪಾಲಾಗಿತ್ತು. ಇಂದು ಲೋಕದ ಹೆಚ್ಚಿನ ಕಂಪನಿಗಳು ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಆ ಪ್ರಮಾಣವನ್ನೇ ಅನುಸರಿಸುತ್ತವೆ.

ಟ್ಯಾಂಕಿನ ಭಾಗಗಳನ್ನು ಅಂಟಿಸುವುದು ಕೆಲಸದ ಸಣ್ಣ ಪಾಲು. ಬಣ್ಣ ಬಳಿದ ಮೇಲೆ ತೆಳು ಕಂದು ಬಣ್ಣವನ್ನು ಮೇಲೆ ಹರಿಸಿ, ಅದು ತಿರುಪು ಮತ್ತು ಸಂದುಗಳ ಸುತ್ತ ನಿಲ್ಲುವಂತೆ ಮಾಡುತ್ತಾರೆ. ಬಳಿಕ ಕುಂಚವನ್ನು ಬಟ್ಟೆಯಲ್ಲಿ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎಂಬಷ್ಟು ಒಣಗಿಸಿ, ಅಂಚುಗಳಿಗೆ ಮಾತ್ರ ಸೋಕಿಸುತ್ತಾರೆ. ಪೇಸ್ಟಲ್ ಬಳಪವನ್ನು ಅರೆದು ಧೂಳನ್ನೂ ತುಕ್ಕನ್ನೂ ತಯಾರಿಸುತ್ತಾರೆ. ಪ್ಲಾಸ್ಟರಿನ ಅಚ್ಚಿನಿಂದ ಗೋಡೆ, ಅಡುಗೆ ಸೋಡಾ ಮತ್ತು ಅಂಟಿನಿಂದ ಹಿಮ. ಅಮೆರಿಕದ ಶೆಪರ್ಡ್ ಪೇನ್ ಎಂಬವರು 1980ರಲ್ಲಿ ಡಯೊರಾಮಾ ಕಟ್ಟುವುದನ್ನು ಕುರಿತು ಬರೆದ ಪುಸ್ತಕ ಈ ಹವ್ಯಾಸದವರಿಗೆ ಪಠ್ಯಪುಸ್ತಕದಂತೆ ಆಯಿತು. ದೃಶ್ಯವು ಒಂದು ಕಥೆಯನ್ನು ಹೇಳಬೇಕೆಂಬುದು ಅವರ ಮುಖ್ಯ ಪಾಠ. ಹೀಗೆ ಒಂದು ಬೂಟಿನ ಲಾಡಿಗಾಗಿ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕುಳಿತ ಬಾಲಕನಲ್ಲಿ ರೌದ್ರಧ್ಯಾನವನ್ನು ಹುಡುಕುವುದು ವ್ಯರ್ಥ. ತಾಡವೋಲೆಯ ಪ್ರತಿಕಾರರಿಗೆ ಇದ್ದ ಏಕಾಗ್ರತೆ ಅದೇ ಜಾತಿಯದು.

ಆ ಬಾಲಕನು ಓದಿಯೂ ಇದ್ದನು. 1942ರ ನವೆಂಬರಿನಲ್ಲಿ ಜರ್ಮನಿಯ ಆರನೆಯ ಸೈನ್ಯವು ಸುತ್ತುವರಿಯಲ್ಪಟ್ಟಿತು. ವಿಮಾನದಿಂದ ಬರಬೇಕಾದ ಆಹಾರ ಸಾಲದೆ ಸೈನಿಕರು ತಮ್ಮ ಸೇವೆಯ ಕುದುರೆಗಳನ್ನು ಕೊಂದು ತಿಂದರು. 1943ರ ಫೆಬ್ರವರಿಯಲ್ಲಿ ಶರಣಾದ ಸುಮಾರು 91,000 ಮಂದಿಯಲ್ಲಿ ಊರಿಗೆ ಮರಳಿದವರು ಐದಾರು ಸಾವಿರ. ಗೋಡೆಯ ಹಿಂದಿನ ಕುದುರೆ ಈ ಓದಿನ ಫಲ. ಯಂತ್ರಗಳ ಸೈನ್ಯವೆಂದು ಹೆಸರಾದ ಆ ಸೇನೆಯು ಲಕ್ಷಾಂತರ ಕುದುರೆಗಳ ಬೆನ್ನಿನ ಮೇಲೆ ನಡೆದಿತ್ತೆಂಬುದು ಸಭೆಯಲ್ಲಿದ್ದ ಹಿರಿಯರಿಗೆ ತಿಳಿದಿರಲಿಲ್ಲ, ಬಾಲಕನಿಗೆ ತಿಳಿದಿತ್ತು.

ಇನ್ನು ಛಾಯಾಚಿತ್ರ. ಮಾದರಿಯ ಛಾಯಾಚಿತ್ರವು ಮಾದರಿಯಂತೆ ಕಾಣಬಾರದು, ನಿಜದಂತೆ ಕಾಣಬೇಕು. ಇದು ಆ ಕಲೆಯ ಗುರಿ. ಅದಕ್ಕಾಗಿ ಕ್ಯಾಮೆರಾವನ್ನು ಐದು ಸೆಂಟಿಮೀಟರಿನ ಸೈನಿಕನ ಕಣ್ಣಿನ ಮಟ್ಟಕ್ಕೆ ಇಳಿಸುತ್ತಾರೆ. ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಲೆಂದು ಲೆನ್ಸಿನ ಕಿಂಡಿಯನ್ನು ಎಫ್ 16, ಎಫ್ 22ರವರೆಗೆ ಕಿರಿದುಗೊಳಿಸಿ, ಟ್ರೈಪಾಡಿನ ಮೇಲೆ ನಿಲ್ಲಿಸಿ, ಹೆಚ್ಚು ಹೊತ್ತು ಬೆಳಕು ಬೀಳಲು ಬಿಡುತ್ತಾರೆ. ಸೂರ್ಯನೊಬ್ಬನೇ ಎಂಬಂತೆ ಒಂದೇ ದೀಪ. ಹಿಂದೆ ಆಕಾಶದ ಬಣ್ಣ ಬಳಿದ ರಟ್ಟು. ಮೇಜಿನ ಅಂಚು, ಹಲಗೆಯ ಮರ, ಮಾಡಿದವನ ಬೆರಳಿನ ಗುರುತು ಯಾವುದೂ ಉಳಿಯುವುದಿಲ್ಲ. ಹಲಗೆಯ ಸುತ್ತ ನಡೆದಾಡುವವನು ತಾನು ಗೊಂಬೆಯನ್ನು ನೋಡುತ್ತಿದ್ದೇನೆಂದು ಬಲ್ಲನು. ಬಗ್ಗಿದರೆ ಕುದುರೆಯೂ ಕಾಣುವುದು. ಛಾಯಾಚಿತ್ರದ ಮುಂದೆ ನಿಂತವನಿಗೆ ಬಗ್ಗುವ ಅವಕಾಶವಿಲ್ಲ. ಅವನಿಗೆ ಕಾಣುವುದು ಸಂಜೆಯ ಬೆಳಕಿನಲ್ಲಿ ಮಿನುಗುವ ಉಕ್ಕು, ಅದಕ್ಕೆ ಒರಗಿ ನಿಂತ ಧೀರರು, ಬೆಳ್ಳನೆಯ ಹಿಮ. ಕುದುರೆ ಇದ್ದರೆ ಚಿತ್ರ ಕೆಡುತ್ತದೆಂದು ಚಿತ್ರ ತೆಗೆಯಲು ನೆರವಾದ ತಂದೆಯೇ ಕೋನವನ್ನು ಬದಲಿಸಿದರಂತೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಹೇಳುವರು. ಅವುಗಳಲ್ಲಿ ಹಿಂಸಾದಾನವೆಂದರೆ ಕೊಡಲಿ, ಖಡ್ಗ, ಬೆಂಕಿ, ಆಯುಧ, ವಿಷ, ಸಂಕೋಲೆ ಮೊದಲಾದ ವಧಸಾಧನಗಳನ್ನು ಕೊಡುವುದು. ಪ್ಲಾಸ್ಟಿಕ್ ಟ್ಯಾಂಕು ಇದರಲ್ಲಿ ಸೇರದು; ಅದರಿಂದ ಇರುವೆಯೂ ಸಾಯದು. ಅದನ್ನು ಮಾರುವ ಅಂಗಡಿಯವನನ್ನು ಆಯುಧವ್ಯಾಪಾರಿಯೆಂದು ಜರೆಯುವುದು ಅನ್ಯಾಯ. ಆದರೆ ದುಃಶ್ರುತಿ ಎಂಬ ಇನ್ನೊಂದು ಬಗೆ ಇದೆ: ಸಾಹಸ, ದ್ವೇಷ, ರಾಗ, ಮದ ಮೊದಲಾದವುಗಳಿಂದ ಚಿತ್ತವನ್ನು ಕಲುಷಗೊಳಿಸುವ ಕಥನಗಳನ್ನು ಕೇಳುವುದು. ಆಚಾರ್ಯರ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲವಾದ್ದರಿಂದ ಕೇಳುವುದು ಎಂದರು. ನೋವನ್ನು ಒರೆಸಿಹಾಕಿ ಯುದ್ಧವನ್ನು ಸುಂದರವಾಗಿ ತೋರಿಸುವ ಚಿತ್ರ ಈ ವರ್ಗಕ್ಕೆ ಸೇರದಿದ್ದರೆ ಬೇರಾವುದೂ ಸೇರದು.

ಮಾದರಿಯವರು ಹೀಗೆ ಮರೆಮಾಚುವುದು ಹೊಸದಲ್ಲ. ವಾಟರ್‌ಲೂ ಕದನದ ದೊಡ್ಡ ಮಾದರಿಯನ್ನು ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಅಧಿಕಾರಿ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ರಣಭೂಮಿಯಲ್ಲಿ ತಿಂಗಳುಗಟ್ಟಲೆ ತಂಗಿ ಅಳತೆ ಮಾಡಿ, ಬದುಕುಳಿದ ಅಧಿಕಾರಿಗಳಿಗೆ ಪತ್ರ ಬರೆದು ವಿವರ ಸಂಗ್ರಹಿಸಿ, ಎಪ್ಪತ್ತು ಸಾವಿರಕ್ಕೂ ಮಿಕ್ಕ ಲೋಹದ ಪುಟ್ಟ ಸೈನಿಕರನ್ನು ನಿಲ್ಲಿಸಿದ್ದನು. ಸರಕಾರ ನಡುವೆ ಹಣ ನಿಲ್ಲಿಸಿದ್ದರಿಂದ ಅವನು ಸಾಲದಲ್ಲಿ ಮುಳುಗಿದನೆಂಬುದು ಬೇರೆ ದುಃಖ. ಆ ಮಾದರಿಯ ಬಗ್ಗೆ ಎದ್ದ ದೊಡ್ಡ ಜಗಳ ಯಾವುದು? ಅಂದು ಸತ್ತ, ಗಾಯಗೊಂಡ ಸುಮಾರು ಐವತ್ತು ಸಾವಿರ ಮಂದಿ ಕುರಿತು ಅಲ್ಲ. ಪ್ರಷ್ಯದ ಸೈನ್ಯ ಆ ಗಳಿಗೆಯಲ್ಲಿ ಎಲ್ಲಿತ್ತು, ಅಂದರೆ ಗೆಲುವಿನ ಕೀರ್ತಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಕುರಿತು. ಎಚ್. ಜಿ. ವೆಲ್ಸ್ ಆಟದ ಸೈನಿಕರ ಯುದ್ಧವನ್ನು ಕುರಿತು 1913ರಲ್ಲಿ ಪುಸ್ತಕ ಬರೆದು, ನಿಜವಾದ ಯುದ್ಧಕ್ಕೆ ಬದಲಾಗಿ ಈ ಪುಟ್ಟ ಯುದ್ಧವೇ ಲೇಸೆಂದು ವಾದಿಸಿದರು. ಮರುವರ್ಷ ಮಹಾಯುದ್ಧ ಬಂದಾಗ ಅದೇ ವೆಲ್ಸ್ ಅದನ್ನು ಬೆಂಬಲಿಸಿ ಲೇಖನಗಳನ್ನು ಬರೆದರು. ಆಟವಾಡಿದರೆ ಯುದ್ಧದ ಹಂಬಲ ತೀರುವುದೆಂದು ನಂಬುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಟ್ರಸ್ಟುಗಳ ಅಂಗಳವನ್ನೂ ನೋಡಬೇಕಾಗುತ್ತದೆ. ಬಸದಿಗಳ ಸಭಾಮಂದಿರಗಳಲ್ಲಿ ಸಿಮೆಂಟಿನಿಂದಲೋ ಬಣ್ಣದಿಂದಲೋ ಭರತ-ಬಾಹುಬಲಿಯರ ಯುದ್ಧವನ್ನು ಮಾಡಿಸುವ ರೂಢಿ ಉಂಟು. ಕೆಲವೆಡೆ ಎರಡು ಸೈನ್ಯಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಬಾಣಗಳು ಹಾರುತ್ತಿರುತ್ತವೆ, ಆನೆಗಳು ಉರುಳಿರುತ್ತವೆ. ಇದು ಆದಿಪುರಾಣಕ್ಕೆ ನೇರ ವಿರುದ್ಧ. ಸೈನ್ಯಗಳು ಸೆಣಸಿದರೆ ನಿರಪರಾಧಿಗಳು ಸಾಯುವರೆಂದು ಮಂತ್ರಿಗಳು ತಡೆದರು. ಅದರಿಂದಲೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆದವು. ಕಥೆಯ ಪ್ರಾಣವೇ ಆ ತಡೆ. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಿ, ನಡೆಯದ ಹತ್ಯಾಕಾಂಡವನ್ನು ಗೋಡೆಯ ತುಂಬ ತೋರಿಸುವ ಟ್ರಸ್ಟು, ನಡೆದ ಯುದ್ಧವನ್ನು ಓದಿ ತಿಳಿದು ಮಾಡಿದ ಬಾಲಕನನ್ನು ಹೊರಗೆ ಕಳುಹಿಸುವುದು ಯಾವ ನ್ಯಾಯ?

ಯುದ್ಧವನ್ನು ತೋರಿಸಿದ ಹಳಬರು ಹೀಗೆ ಮಾಡಲಿಲ್ಲ. ವೀರಗಲ್ಲಿನ ಕೆಳ ಪಟ್ಟಿಕೆಯಲ್ಲಿ ಕಾಳಗವಿದ್ದರೆ ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ಒಯ್ಯುತ್ತಾರೆ. ಆ ಕಲ್ಲು ನಿಂತಿರುವುದೇ ಒಬ್ಬನು ಸತ್ತಿದ್ದಕ್ಕಾಗಿ. ಚಾವುಂಡರಾಯನು ಗಂಗರ ದಂಡನಾಯಕ, ವೀರಮಾರ್ತಾಂಡನೆಂಬ ಬಿರುದುಳ್ಳವನು. ಅನೇಕ ಕದನಗಳನ್ನು ಗೆದ್ದವನು. ಶ್ರವಣಬೆಳಗೊಳದಲ್ಲಿ ಅವನು ಮಾಡಿಸಿದ್ದು ಗೆದ್ದೂ ಬಿಟ್ಟುಹೋದವನ ಮೂರ್ತಿಯನ್ನು. ಅವನ ಸ್ವಂತ ವಿಜಯಗಳ ವರ್ಣನೆ ತ್ಯಾಗದ ಬ್ರಹ್ಮದೇವ ಸ್ತಂಭದ ಶಾಸನದಲ್ಲಿತ್ತು. ಮುಂದೆ ಯಾರೋ ತಮ್ಮ ಶಾಸನಕ್ಕೆ ಜಾಗ ಬೇಕೆಂದು ಅದರ ಬಹುಭಾಗವನ್ನು ಕೆತ್ತಿಹಾಕಿದರು. ಅದಕ್ಕಾಗಿ ಸಂಶೋಧಕರು ಮರುಗಿದ್ದಾರೆ, ಯಾತ್ರಿಕರಿಗೆ ಅದರ ಅರಿವೂ ಇಲ್ಲ.

ಜನ್ನನ ಕಾವ್ಯದಲ್ಲಿ ಆ ಹಿಟ್ಟಿನ ಕೋಳಿಯೊಳಗೆ ಬೆಂತರವೊಂದು ಹೊಕ್ಕಿತ್ತು. ಖಡ್ಗ ತಾಗಿದೊಡನೆ ಕೋಳಿ ಕೂಗಿತು. ಆ ಕೂಗನ್ನು ಕೇಳಿ ಯಶೋಧರನು ನಡುಗಿದನು. ಬಾಲಕನ ಹಲಗೆಯಲ್ಲಿ ಕೂಗುತ್ತಿದ್ದುದು ಗೋಡೆಯ ಹಿಂದಿನ ಕುದುರೆ. ಅದೊಂದು ಇದ್ದುದರಿಂದ ಆ ಹಲಗೆ ಸಂಸ್ಕಾರ ಶಿಬಿರದಲ್ಲಿ ಇರಲು ಯೋಗ್ಯವಾಗಿತ್ತು. ಅದನ್ನು ಕೇಳಿಸದಂತೆ ಮಾಡಿದ ಚಿತ್ರಕ್ಕೆ ಸಮಿತಿಯು ಬಹುಮಾನ ಕೊಟ್ಟಿತು.

ಆ ಛಾಯಾಚಿತ್ರ ಟ್ರಸ್ಟಿನ ಸ್ಮರಣಸಂಚಿಕೆಯಲ್ಲಿ ಪೂರ್ಣ ಪುಟದ ಅಳತೆಯಲ್ಲಿ ಅಚ್ಚಾಗಿದೆ. ಹಲಗೆಯು ಬಾಲಕನ ಮನೆಯ ಬೀರುವಿನ ಮೇಲೆ ಹಳೆಯ ಪಂಚೆಯೊಂದರ ಕೆಳಗಿದೆ. ಸೋಡಾದ ಹಿಮ ಈಗಾಗಲೇ ಹಳದಿಗೆ ತಿರುಗಲು ತೊಡಗಿದೆಯೆಂದು ತಿಳಿದುಬರುತ್ತದೆ. ಮುಂದಿನ ಶಿಬಿರಕ್ಕೆ ಅದನ್ನು ಮರಳಿ ತರಿಸಿ, ಗೋಡೆಯ ಹಿಂಬದಿಯು ನೋಡುಗರ ಕಡೆಗೆ ಬರುವಂತೆ ಇಡಬಹುದು. ಅದಕ್ಕೆ ಮೇಜೊಂದು ಸಾಕು, ಸಭೆ ಕರೆದು ಠರಾವು ಮಾಡಬೇಕಾಗಿಲ್ಲ.