ಬೈಗುಳಕ್ಕೆ ಸೊಳ್ಳೆ ಸಾಯದು!

ಡೆಂಗಿ ಬಂದಾಗಲೆಲ್ಲ ಊರಿಗೂರೇ ಗಟಾರ ತೋರಿಸಿ ಪುರಸಭೆಯನ್ನು ಬೈಯುತ್ತೆ. ಆದರೆ ಈಡಿಸ್ ಸೊಳ್ಳೆಗೆ ಬೇಕಾದ್ದು ಗಟಾರವಲ್ಲ, ನಿಂತ ತಿಳಿನೀರು. ಪಂಕ್ಚರ್ ಅಂಗಡಿಯ ಹಳೇ ಟೈರು, ಎಳನೀರು ಬುರುಡೆ, ಹೋಟೆಲ್ ಹಿತ್ತಲ ಡ್ರಮ್ಮು ಅದರ ಬಾಣಂತಿ ಕೋಣೆ. ರೋಗಿಯ ರಕ್ತ ಹೀರಿದ ಸೊಳ್ಳೆ ಕೆಲ ದಿನ ಬಿಟ್ಟು ಇನ್ನೊಬ್ಬರನ್ನು ಕಚ್ಚಿದರೆ ವೈರಸ್ ದಾಟಿತು. ಕಚ್ಚೋದೂ ಹಗಲು ಹೊತ್ತೇ: ಗಲ್ಲಾ ಮುಂದೆ ಕೂತವರನ್ನೂ, ಬಸ್ಸಿಗೆ ಕಾದವರನ್ನೂ.

4ರಿಂದ 10 ದಿನಕ್ಕೆ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಮುರಿತ. ಅಸಲು ಅಪಾಯ ಜ್ವರ ಇಳಿಯುವಾಗ. ರಕ್ತನಾಳದಿಂದ ದ್ರವ ಸೋರಿ ಬಿ.ಪಿ. ಕುಸಿಯಬಹುದು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ವ್ಯಾಪಾರ ಹಾಗೇ ಬಿಟ್ಟು ಆಸ್ಪತ್ರೆಗೆ ಓಡಬೇಕು. ಈ ವೈರಸ್ಸಿಗೆಂದೇ ಮದ್ದಿಲ್ಲ. ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್, ಬೇಕಾದರೆ ಡ್ರಿಪ್ಪು. ಆಸ್ಪಿರಿನ್, ಬ್ರೂಫೆನ್ ನುಂಗಿದರೆ ರಕ್ತಸ್ರಾವ ಹೆಚ್ಚೀತು, ಜೋಕೆ!

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಸಾಕಿದವರಿಗೆ ದಂಡದ ನಿಯಮ ತಂದಿತು. ದಂಡ ಕಟ್ಟೋದಕ್ಕಿಂತ ಡ್ರಮ್ಮು ತೊಳೆಯೋದು ಅಗ್ಗ. ವಾರಕ್ಕೊಮ್ಮೆ ನೀರು ಚೆಲ್ಲಿ ಉಜ್ಜಲಿ, ಟೈರು ಸೂರಿನಡಿ ಸೇರಲಿ. ಪುರಸಭೆಯನ್ನು ಆಮೇಲೆ ಬೈದರಾಯ್ತು.